ದನದ ಡಾಕ್ಟ್ರು ಅಂದ್ರೆ ಅಷ್ಟು ಸದರವೇ?

ಸಾಗರದಿಂದ ಶಿವಮೊಗ್ಗಕ್ಕೆ ಬರುವ ಬೆಳಗಿನ ಬಸ್ಸು. ಆನಂದಪುರದಲ್ಲಿ ಒಬ್ಬ ಹುಡುಗಿ ಹತ್ತುತ್ತಾಳೆ. ಕೈಯಲ್ಲಿ ಬಿಳಿ ಕೋಟು, ಹೆಗಲಿಗೆ ಪುಸ್ತಕದ ಚೀಲ. ಪಕ್ಕದ ಸೀಟಿನ ಹಿರಿಯರಿಗೆ ಸುಮ್ಮನೆ ಕೂರಲು ಆಗುವುದಿಲ್ಲ.

"ಏನಮ್ಮಾ ಓದ್ತಿದೀಯ? ಮೆಡಿಕಲ್ಲಾ?"

"ಅಲ್ಲ ಸಾರ್, ವೆಟರ್ನರಿ. ವಿನೋಬನಗರದ ಕಾಲೇಜು."

"ಅಯ್ಯೋ ಪಾಪ! ಮೆಡಿಕಲ್ ಸೀಟು ಸಿಗಲಿಲ್ವಾ?"

ಹುಡುಗಿ ನಕ್ಕು ಕಿಟಕಿಯ ಕಡೆ ತಿರುಗುತ್ತಾಳೆ. ಬಸ್ಸು ಕುಂಸಿ ದಾಟುತ್ತದೆ, ಆಯನೂರು ದಾಟುತ್ತದೆ. ಆ 'ಪಾಪ' ಅನ್ನುವ ಮಾತು ಮಾತ್ರ ಅವಳ ಜೊತೆಯಲ್ಲೇ ಶಿವಮೊಗ್ಗದ ತನಕ ಬರುತ್ತದೆ. ಇದು ಒಬ್ಬ ಹುಡುಗಿಯ ಕಥೆಯಲ್ಲ. ಪಶುವೈದ್ಯ ಓದುವ ಯಾವ ಹುಡುಗ, ಹುಡುಗಿಯನ್ನು ಬೇಕಾದರೂ ಕೇಳಿ, ಈ ಪ್ರಶ್ನೆ ಎದುರಿಸದವರು ಸಿಗುವುದು ಕಷ್ಟ. ಮದುವೆ ಮನೆಯಲ್ಲಿ ಕೇಳುತ್ತಾರೆ, ಅಂಗಡಿ ಕಟ್ಟೆಯಲ್ಲಿ ಕೇಳುತ್ತಾರೆ, ಸ್ವಂತ ಸೋದರಮಾವಂದಿರೇ ಕೇಳುತ್ತಾರೆ.

ಅದೇ ಹುಡುಗಿ ಐದಾರು ವರ್ಷದ ನಂತರ ಬೀದರಿನ ಘಟಿಕೋತ್ಸವದಲ್ಲಿ ಕೊರಳ ತುಂಬ ಚಿನ್ನದ ಪದಕ ಹಾಕಿಕೊಂಡು ನಿಂತರೆ ಆಗ ಊರಿಗೆ ಎಚ್ಚರ! ಪೇಪರಿನಲ್ಲಿ ಫೋಟೋ. ಸಂಘ ಸಂಸ್ಥೆಗಳಿಂದ ಸನ್ಮಾನ. ಶಾಲು, ಹಾರ, ಫಲತಾಂಬೂಲ, ತಲೆಗೊಂದು ಮೈಸೂರು ಪೇಟ. "ನಮ್ಮೂರ ಹೆಮ್ಮೆಯ ಪುತ್ರಿ" ಎಂದು ಮೈಕಿನಲ್ಲಿ ಭಾಷಣ. ಮಾರನೆಯ ದಿನ ಶಾಮಿಯಾನ ಬಿಚ್ಚಿದ ಕೂಡಲೇ ಎಲ್ಲವೂ ಮರೆತುಹೋಯಿತು. ಪದಕ ಬಂದದ್ದು ಯಾತಕ್ಕೆ, ಆ ವಿದ್ಯೆಯಿಂದ ಈ ಊರಿಗೆ ಆಗುವ ಲಾಭವೇನು, ಅವಳು ಮುಂದೆ ಯಾವ ಆಸ್ಪತ್ರೆಯಲ್ಲಿ ಏನು ಇಟ್ಟುಕೊಂಡು ಕೆಲಸ ಮಾಡಬೇಕು ಎಂದು ಕೇಳಿದವರು ಯಾರು?

ಕೇಳಬೇಕಾದ ಪ್ರಶ್ನೆ ಅದೇ.

ಓದು ಅಂದರೆ ಆಟವಲ್ಲ

ದನದ ಡಾಕ್ಟ್ರು ಅಂದರೆ ಒಂದು ಸೂಜಿ, ಒಂದು ಬಾಟಲಿ ಎಂದು ತಿಳಿದವರೇ ಹೆಚ್ಚು. ಸ್ವಲ್ಪ ಲೆಕ್ಕ ಹಾಕಿ ನೋಡಲಿ. ಈ ಪದವಿಗೆ ಒಟ್ಟು ಐದೂವರೆ ವರ್ಷ ಬೇಕು. ನಾಲ್ಕೂವರೆ ವರ್ಷ ಪಾಠ, ಪರೀಕ್ಷೆ. ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್ಪು, ಅಂದರೆ ಆಸ್ಪತ್ರೆ, ಫಾರಮ್ಮು, ಹಳ್ಳಿಯ ಕೊಟ್ಟಿಗೆ ಎಲ್ಲ ಕಡೆ ಕೈಯಾರೆ ಕೆಲಸ. ಎಂ.ಬಿ.ಬಿ.ಎಸ್. ಓದುವವರದೂ ಇಷ್ಟೇ ಕಾಲ.

ಆದರೆ ಮನುಷ್ಯರ ಡಾಕ್ಟರು ಓದುವುದು ಒಂದೇ ಪ್ರಾಣಿಯನ್ನು. ಅದು ಬಾಯಿಬಿಟ್ಟು "ಇಲ್ಲಿ ನೋವು ಡಾಕ್ಟ್ರೇ" ಎಂದು ಹೇಳುತ್ತದೆ. ಇವರು ಓದಬೇಕಾದದ್ದು ಹಸು, ಎಮ್ಮೆ, ಕುರಿ, ಆಡು, ಹಂದಿ, ಕುದುರೆ, ನಾಯಿ, ಬೆಕ್ಕು, ಕೋಳಿ. ಸಾಲದ್ದಕ್ಕೆ ಕಾಡುಪ್ರಾಣಿ. ಯಾವುದೂ ಮಾತಾಡುವುದಿಲ್ಲ. ಹಸುವಿನ ಮೈ ಬಿಸಿ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. ಕೋಳಿಗೆ 106-107 ಡಿಗ್ರಿ ಇದ್ದರೂ ಅದು ಜ್ವರವಲ್ಲ, ಅದರ ಮೈಯೇ ಹಾಗೆ. ಹಸು ಗಬ್ಬ ಕಟ್ಟಿದರೆ ಈಯುವುದಕ್ಕೆ ಸುಮಾರು 280 ದಿನ, ಎಮ್ಮೆಗೆ ಸುಮಾರು 310 ದಿನ, ಆಡಿಗೆ ಐದು ತಿಂಗಳು, ನಾಯಿಗೆ ಎರಡೇ ತಿಂಗಳು. ಮನುಷ್ಯರು ತಲೆನೋವಿಗೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿನ ಹೊಟ್ಟೆಗೆ ಹೋದರೆ ವಿಷ, ಒಂದೇ ಮಾತ್ರೆಗೆ ಪ್ರಾಣ ಹೋಗಬಹುದು. ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡು, ಒದೆಯುವ ಕಾಲಿನ ಪಕ್ಕ ನಿಂತು, ಭುಜದ ತನಕ ಕೈ ಹಾಕಿ, ಅಡ್ಡ ಸಿಕ್ಕಿಕೊಂಡ ಕರುವನ್ನು ತಿರುಗಿಸಿ ಹೊರಗೆ ತೆಗೆಯಬೇಕು. ಹೊರಗೆ ಮಳೆ, ಒಳಗೆ ಲಾಟೀನು ಅಥವಾ ಮೊಬೈಲಿನ ಬೆಳಕು.

ಇದರಲ್ಲಿ ಮೊದಲ ಸಾಲಿಗೆ ಬರುವವರನ್ನು "ಮೆಡಿಕಲ್ ಸಿಗದವರು" ಎನ್ನುವುದು ಯಾವ ನ್ಯಾಯ?

ಇವರಲ್ಲಿ ಮುಂದಿರುವವರು ಅಖಿಲ ಭಾರತ ಮಟ್ಟದ ಜೆ.ಆರ್.ಎಫ್. ಪರೀಕ್ಷೆ ಬರೆದು ಉತ್ತರ ಪ್ರದೇಶದ ಇಜತ್‌ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆಗೋ ಹರಿಯಾಣದ ಕರ್ನಾಲಿನ ಡೈರಿ ಸಂಶೋಧನಾ ಸಂಸ್ಥೆಗೋ ಹೋಗುತ್ತಾರೆ. ಇನ್ನೊಂದು ಮಾತು: ಒಂದು ಕಾಲಕ್ಕೆ ಇದು ಗಂಡಸರದೇ ಓದು. ಹುಡುಗಿಯೊಬ್ಬಳು ಸೇರಿದರೆ ಕಾಲೇಜಿಗೆ ಕಾಲೇಜೇ ತಿರುಗಿ ನೋಡುತ್ತಿತ್ತು. ಇವತ್ತು ಘಟಿಕೋತ್ಸವದ ಪದಕದ ಸಾಲಿನಲ್ಲಿ ಹುಡುಗಿಯರೇ ಎದ್ದು ಕಾಣುತ್ತಾರೆ. ಅವರಲ್ಲಿ ಎಷ್ಟೋ ಜನ ಹಾಲು ಕರೆದ ಮನೆಯಿಂದ, ಸಗಣಿ ಬಾಚಿದ ಕೈಯಿಂದ ಬಂದವರು.

ಹುಡುಗಿಯರಿಂದ ಆದೀತೇ ಎನ್ನುವವರಿಗೆ ಒಂದು ಹೆಸರು ಸಾಕು. ಅಮೃತಾ ಪಟೇಲ್. ಮುಂಬಯಿಯಲ್ಲಿ ಪಶುವೈದ್ಯ ಓದಿದ ಈಕೆ 1965ರಲ್ಲಿ ಆನಂದದ ಅಮುಲ್ ಸೇರಿದರು. 1998ರಿಂದ 2014ರ ತನಕ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯ ಅಧ್ಯಕ್ಷರಾಗಿದ್ದರು. ಕುರಿಯನ್ ಎದ್ದುಹೋದ ಕುರ್ಚಿಯಲ್ಲಿ ಕೂತದ್ದು ಒಬ್ಬ 'ದನದ ಡಾಕ್ಟ್ರು', ಅದೂ ಹೆಂಗಸು.

ಗಾಂಧಿ ಬಜಾರಿನ ಹಸು

ಅಂಗಡಿಯವರು ಕೇಳಬಹುದು: "ಅದೆಲ್ಲ ಸರಿ ಸ್ವಾಮಿ, ನಮಗೂ ಇದಕ್ಕೂ ಏನು ಸಂಬಂಧ? ನಮ್ಮ ಮನೇಲಿ ದನ ಇಲ್ಲ."

ರಾತ್ರಿ ಒಂಬತ್ತಕ್ಕೆ ಅಂಗಡಿಯ ಶಟರ್ ಎಳೆದಾದ ಮೇಲೆ ಒಂದು ಗಳಿಗೆ ನಿಂತು ನೋಡಿದರೆ ಸಂಬಂಧ ಕಾಣುತ್ತದೆ. ಗಾಂಧಿ ಬಜಾರು ಇರಲಿ, ನೆಹರೂ ರೋಡು ಇರಲಿ, ಬಸ್ ಸ್ಟ್ಯಾಂಡಿನ ಹೋಟೆಲ್ ಸಾಲು ಇರಲಿ, ಉಳಿದ ಅನ್ನ, ಕೊಳೆತ ಹಣ್ಣು, ತರಕಾರಿ ಸಿಪ್ಪೆ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿ ಮೂಲೆಗೆ ಬಂದು ಬೀಳುತ್ತದೆ. ಹಸು ಬರುತ್ತದೆ. ಗಂಟು ಬಿಚ್ಚಲು ಅದಕ್ಕೆ ಕೈಯಿಲ್ಲ. ಕವರಿನ ಸಮೇತ ನುಂಗುತ್ತದೆ. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಭಾಗ. ಅದರಲ್ಲಿ ಮೊದಲನೆಯ ದೊಡ್ಡ ಚೀಲದಲ್ಲಿ ಈ ಕವರು ಹೋಗಿ ಕೂತರೆ ಜೀರ್ಣವಾಗುವುದೂ ಇಲ್ಲ, ಮುಂದಕ್ಕೆ ಹೋಗುವುದೂ ಇಲ್ಲ. ಒಂದರ ಮೇಲೊಂದು ಸೇರಿ ಹಗ್ಗದ ಉಂಡೆಯಂತೆ ಹೆಣೆದುಕೊಳ್ಳುತ್ತದೆ. ಹೊಟ್ಟೆ ಉಬ್ಬುತ್ತದೆ, ಮೈ ಮಾತ್ರ ಒಣಗುತ್ತದೆ. ನೋಡಿದವರು "ಹಸು ಗಬ್ಬ ಇರಬೇಕು" ಅಂತಾರೆ. ಗಬ್ಬವಲ್ಲ ಸ್ವಾಮಿ, ಅದು ಅಂಗಡಿ ಬೀದಿಯ ಕವರು.

ಕೊನೆಗೆ ಇಂಥ ರಾಸು ಬಂದು ನಿಲ್ಲುವುದು ಪಶುವೈದ್ಯ ಆಸ್ಪತ್ರೆಯಲ್ಲಿ. ಹಸುವನ್ನು ನಿಲ್ಲಿಸಿಕೊಂಡೇ ಎಡ ಪಕ್ಕೆಗೆ ಮರಗಟ್ಟುವ ಸೂಜಿ ಹಾಕಿ, ಚರ್ಮ ಕುಯ್ದು, ಹೊಟ್ಟೆಯ ಚೀಲ ತೆರೆದು, ಕೈ ಹಾಕಿ ಕವರು ಎಳೆಯುತ್ತಾರೆ. ಕೆಲವೊಮ್ಮೆ ಒಂದೇ ಹಸುವಿನ ಹೊಟ್ಟೆಯಿಂದ ಹತ್ತಾರು ಕಿಲೋ ಬರುತ್ತದೆ. ಕವರಿನ ಜೊತೆಗೆ ಮೊಳೆ, ತಂತಿ, ಸೂಜಿ ಕೂಡ. ಈ ಮೊಳೆ, ತಂತಿ ಹೋಗಿ ನಿಲ್ಲುವುದು ಎರಡನೆಯ ಹೊಟ್ಟೆಯಲ್ಲಿ. ಅದರ ಮುಂದೆ ತೆಳ್ಳನೆಯ ಒಂದು ಪರದೆ, ಪರದೆಯ ಆಚೆಗೇ ಹೃದಯ. ಒಂದು ಚೂಪು ತಂತಿ ಅಲ್ಲಿಂದ ಮುಂದಕ್ಕೆ ಚುಚ್ಚಿದರೆ ಹಸುವಿನ ಕಥೆ ಮುಗಿಯಿತು.

ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದದ್ದು 2016ರಲ್ಲಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಾನಿನ ಮೇಲೆ ಇಡೀ ದೇಶಕ್ಕೆ ನಿಷೇಧ ಬಂದದ್ದು 2022ರ ಜುಲೈ 1ರಿಂದ. ನಿಷೇಧ ಕಾಗದದಲ್ಲಿದೆ, ಕವರು ಹಸುವಿನ ಹೊಟ್ಟೆಯಲ್ಲಿದೆ. ಗೋಪೂಜೆಯ ದಿನ ಅದೇ ಹಸುವಿಗೆ ಕುಂಕುಮ ಹಚ್ಚಿ ಬಾಳೆಹಣ್ಣು ತಿನ್ನಿಸುವವರೂ ಇದೇ ಬೀದಿಯವರೇ ಎಂಬುದು ಬೇರೆ ಮಾತು. ಹೊಟ್ಟೆಯಿಂದ ಕವರು ಎಳೆಯುವ ಹುಡುಗಿಯನ್ನು ಶಾಲು ಹೊದಿಸಿ ಸನ್ಮಾನಿಸುವುದಕ್ಕಿಂತ ಕವರು ಎಸೆಯುವುದನ್ನು ನಿಲ್ಲಿಸಿದರೆ ಅದೇ ದೊಡ್ಡ ಸನ್ಮಾನ.

ಹಾಲಿನ ದುಡ್ಡು ಬಜಾರಿಗೆ ಬರುತ್ತದೆ

ಇನ್ನೊಂದು ಸಂಬಂಧ ದುಡ್ಡಿನದು. ಹಳ್ಳಿಯ ಡೈರಿಗಳಲ್ಲಿ ಹಾಲಿನ ಬಿಲ್ಲು ಆದ ಮಾರನೇ ದಿನ ಬಸ್ಸುಗಳು ಹೇಗೆ ತುಂಬಿ ಬರುತ್ತವೆ ಎಂಬುದನ್ನು ಕಂಡಕ್ಟರನ್ನು ಕೇಳಿ. ಸೀರೆ ಅಂಗಡಿ, ಕಿರಾಣಿ ಅಂಗಡಿ, ಔಷಧಿ ಅಂಗಡಿ, ಗೊಬ್ಬರದ ಅಂಗಡಿ ಎಲ್ಲಕ್ಕೂ ಆ ದುಡ್ಡು ಹರಿಯುತ್ತದೆ. ಮಳೆ ಕೈಕೊಟ್ಟ ವರ್ಷ ಅಡಿಕೆ, ಭತ್ತ, ಜೋಳ ಯಾವುದೂ ಹಿಡಿಯದಿದ್ದರೂ ಹಾಲಿನ ದುಡ್ಡು ಮನೆ ಹಿಡಿದಿರುತ್ತದೆ. ಮಾಚೇನಹಳ್ಳಿಯ ಡೈರಿಗೆ ಬರುವ ಒಂದೊಂದು ಕ್ಯಾನಿನ ಹಿಂದೆಯೂ ಒಂದೊಂದು ಮನೆಯ ಸಂಸಾರ ನಿಂತಿದೆ.

ಆ ಹಸು ಮಲಗಿದರೆ? ದಿನಕ್ಕೆ 10 ಲೀಟರ್ ಕೊಡುವ ಹಸುವಿಗೆ ಕೆಚ್ಚಲು ಬಾವು ಬಂದು 20 ದಿನ ಹಾಲು ನಿಂತಿತು ಅನ್ನಿ. ಲೀಟರಿಗೆ 35 ರೂಪಾಯಿ ಹಿಡಿದರೂ 7,000 ರೂಪಾಯಿ ಹೋಯಿತು. ಔಷಧಿಯ ಖರ್ಚು ಬೇರೆ. ಒಂದು ಮೊಲೆ ಬತ್ತಿಹೋದರೆ ಹಸುವಿನ ಬೆಲೆಯೂ ಬಿತ್ತು. ಈ ಬಾವು ಹೊರಗೆ ಕಾಣುವುದಕ್ಕೆ ಮುಂಚೆಯೇ, ಒಂದಿಷ್ಟು ಹಾಲನ್ನು ತಟ್ಟೆಯಲ್ಲಿ ಹಿಂಡಿ ಔಷಧಿ ಬೆರೆಸಿ ನೋಡಿ, "ಗಟ್ಟಿಯಾಗ್ತಾ ಇದೆ, ರೋಗ ಶುರುವಾಗಿದೆ" ಎಂದು ಹೇಳಬಹುದು. ಎರಡು ನಿಮಿಷದ ಕೆಲಸ. ಕಾಲೇಜಿನ ಹುಡುಗರು ಕೊಟ್ಟಿಗೆ ಕೊಟ್ಟಿಗೆಗೆ ಹೋಗಿ ಇದನ್ನು ಹೇಳಿಕೊಟ್ಟರೆ ಹಳ್ಳಿಗೆ ಉಳಿಯುವ ದುಡ್ಡು ಎಷ್ಟು! ಅದರಲ್ಲಿ ಬಜಾರಿಗೆ ಬರುವ ಪಾಲು ಎಷ್ಟು! ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಿಲ್ಲ.

2013ರಲ್ಲಿ ಕಾಲುಬಾಯಿ ರೋಗ ರಾಜ್ಯದಲ್ಲಿ ಸಾವಿರಾರು ರಾಸುಗಳನ್ನು ಬಲಿ ತೆಗೆದುಕೊಂಡಿತು. 2022ರಲ್ಲಿ ಚರ್ಮಗಂಟು ರೋಗ ಬಂದು ಹಸುಗಳ ಮೈತುಂಬ ಗಂಟು ಎದ್ದವು. ಆಗ ಮನೆಯ ಹೆಂಗಸರು ಬೇವಿನ ಸೊಪ್ಪು ಹಿಡಿದುಕೊಂಡು ರಾತ್ರಿಯಿಡೀ ಕೂತರು. ಆ ದಿನಗಳಲ್ಲಿ ಹಳ್ಳಿಯವರು ದಾರಿ ಕಾದದ್ದು ಯಾರಿಗೆ? ಎಂಜಿನಿಯರಿಗಲ್ಲ, ಅದೇ ದನದ ಡಾಕ್ಟ್ರಿಗೆ.

ಮಂಗನ ಕಾಯಿಲೆ ಕಲಿಸಿದ ಪಾಠ

ದುಡ್ಡಿಗಿಂತ ದೊಡ್ಡದು ಜೀವ. ಆ ವಿಷಯದಲ್ಲಿ ಈ ಜಿಲ್ಲೆಗೆ ಪಾಠ ಹೇಳಲು ಹೊರಗಿನವರು ಬರಬೇಕಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದೊಂದಾಗಿ ಸತ್ತು ಬಿದ್ದವು. ಹಿಂದೆಯೇ ಕಾಡಂಚಿನ ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಸತ್ತ ಮಂಗಗಳನ್ನು ಕುಯ್ದು ನೋಡಿ, ಉಣುಗುಗಳನ್ನು ಆರಿಸಿ, ಹೊಸ ವೈರಸ್ ಕಂಡುಹಿಡಿದರು. ಆ ಕಾಡಿನ ಹೆಸರೇ ರೋಗಕ್ಕೆ ಬಂತು. ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಕಾಡಿನ ಹೆಸರು ಪ್ರಪಂಚದ ವೈದ್ಯಪುಸ್ತಕಗಳಲ್ಲಿ ಇರುವುದು ಹೀಗೆ. ಹೆಮ್ಮೆ ಪಡಬೇಕೋ ಅಳಬೇಕೋ ಓದುಗರೇ ತೀರ್ಮಾನಿಸಲಿ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಮತ್ತೆ ಸಾವುಗಳಾದವು. ದಶಕಗಳ ಕಾಲ ಹಾಕಿದ ಲಸಿಕೆಯ ಶಕ್ತಿ ಸಾಲದು ಎಂದು 2022ರಲ್ಲಿ ಅದನ್ನೂ ನಿಲ್ಲಿಸಲಾಯಿತು. ಆ ಲಸಿಕೆ ತಯಾರಾಗುತ್ತಿದ್ದದ್ದು ಎಲ್ಲಿ ಗೊತ್ತೇ? ಬೆಂಗಳೂರಿನ ಹೆಬ್ಬಾಳದಲ್ಲಿ, ಪ್ರಾಣಿಗಳ ಲಸಿಕೆ ತಯಾರಿಸುವ ಸರ್ಕಾರಿ ಸಂಸ್ಥೆಯಲ್ಲೇ.

ಮಂಗ ಸತ್ತ ಸುದ್ದಿ ಮೊದಲು ತಿಳಿಯಬೇಕು. ಹೆಣದಿಂದ ಮಾದರಿ ತೆಗೆಯಬೇಕು. ಸುತ್ತಲ ಉಣುಗು ಹತೋಟಿಗೆ ಬರಬೇಕು. ಮೇಯಲು ಕಾಡಿಗೆ ಹೋಗಿ ಮೈಗೆ ಉಣುಗು ಹತ್ತಿಸಿಕೊಂಡು ಬರುವ ದನಗಳನ್ನು ನೋಡಬೇಕು. ಇದರಲ್ಲಿ ಮನುಷ್ಯರ ಡಾಕ್ಟರದ್ದು ಅರ್ಧ ಕೆಲಸ, ಪಶುವೈದ್ಯರದ್ದು ಅರ್ಧ ಕೆಲಸ. ಮನುಷ್ಯರಿಗೆ ಬರುವ ಸಾಂಕ್ರಾಮಿಕ ರೋಗಗಳಲ್ಲಿ ನೂರಕ್ಕೆ ಸುಮಾರು 60 ಪ್ರಾಣಿಗಳಿಂದ ಬಂದವು ಎಂದು ಪ್ರಪಂಚದ ಆರೋಗ್ಯ ಸಂಸ್ಥೆಗಳ ಅಂದಾಜು. ಹುಚ್ಚುನಾಯಿ ರೋಗವನ್ನೇ ತೆಗೆದುಕೊಳ್ಳಿ. ಪ್ರಪಂಚದಲ್ಲಿ ಅದರಿಂದ ಸಾಯುವವರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಜನ ಈ ದೇಶದವರು. ಕಚ್ಚಿಸಿಕೊಂಡ ಮಗುವಿಗೆ ಸೂಜಿ ಹಾಕುವುದು ಮನುಷ್ಯರ ಆಸ್ಪತ್ರೆಯ ಕೆಲಸ. ನಾಯಿಗೆ ಮುಂಚೆಯೇ ಸೂಜಿ ಹಾಕಿ, ಮಗುವಿಗೆ ಸೂಜಿಯ ಅಗತ್ಯವೇ ಬಾರದಂತೆ ಮಾಡುವುದು ಈ ಹುಡುಗರ ಕೆಲಸ. ವರ್ಷಾವರ್ಷ ಜುಲೈ 6ರಂದು, ಸೆಪ್ಟೆಂಬರ್ 28ರಂದು ಪಶುವೈದ್ಯ ವಿದ್ಯಾರ್ಥಿಗಳು ಅಲ್ಲಲ್ಲಿ ನಾಯಿ ಲಸಿಕೆ ಶಿಬಿರ ನಡೆಸುತ್ತಾರೆ. ಆ ದಿನ ಬೀದಿಯ ನಾಯಿ ಹಿಡಿದುಕೊಡಲು ಬೀದಿಯವರು ಎಷ್ಟು ಮಂದಿ ಬರುತ್ತಾರೆ?

ಇನ್ನು ಇವರ ವಿದ್ಯೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಒಂದೇ ಉದಾಹರಣೆ. ಹಿಂದೆ ದೊಡ್ಡರೋಗ ಬಂದರೆ ಊರಿಗೆ ಊರೇ ಕೊಟ್ಟಿಗೆ ಖಾಲಿಯಾಗುತ್ತಿತ್ತು. ಹಳ್ಳಿಗಳು ಮಾರಿಗೆ ಹರಕೆ ಹೊರುತ್ತಿದ್ದವು. ಲಂಡನ್ನಿನ ಪಶುವೈದ್ಯ ಕಾಲೇಜಿನಲ್ಲಿ 1944ರಲ್ಲಿ ಪಾಸಾದ ವಾಲ್ಟರ್ ಪ್ಲೌರೈಟ್ ಎಂಬ ಡಾಕ್ಟರು ಆಫ್ರಿಕಾದ ಕೀನ್ಯಾದಲ್ಲಿ ಕೂತು ಅದಕ್ಕೆ ಕಡಿಮೆ ಖರ್ಚಿನ ಒಳ್ಳೆಯ ಲಸಿಕೆ ಸಿದ್ಧಮಾಡಿದರು. ಆ ಲಸಿಕೆಯನ್ನು ಹಳ್ಳಿಹಳ್ಳಿಗೆ ಹೊತ್ತು ತಂದು ಹಾಕಿದವರು ಇಲ್ಲಿಯ ಪಶುವೈದ್ಯರು, ಕಾಂಪೌಂಡರುಗಳು. ದೇಶದಲ್ಲಿ ಕೊನೆಯ ಬಾರಿ ಆ ರೋಗ ಕಂಡದ್ದು 1995ರಲ್ಲಿ. 2006ರಲ್ಲಿ ಭಾರತ ರೋಗಮುಕ್ತ ಎಂದು ಘೋಷಣೆಯಾಯಿತು. 2011ರಲ್ಲಿ ಇಡೀ ಪ್ರಪಂಚವೇ ರೋಗಮುಕ್ತವಾಯಿತು. ಮನುಷ್ಯ ಭೂಮಿಯಿಂದ ಪೂರ್ತಿ ಅಳಿಸಿದ ರೋಗಗಳು ಎರಡೇ ಎರಡು. ಒಂದು ಸಿಡುಬು, ಇನ್ನೊಂದು ಈ ದೊಡ್ಡರೋಗ. ಇವತ್ತಿನ ಮೂವತ್ತು ವರ್ಷದ ರೈತನಿಗೆ ಆ ರೋಗದ ಹೆಸರೇ ಗೊತ್ತಿಲ್ಲ. ಕೆಲಸ ಚೆನ್ನಾಗಿ ಮಾಡಿದ ಡಾಕ್ಟರ ಗತಿಯೇ ಇಷ್ಟು. ರೋಗ ಹೋದ ಮೇಲೆ ಹೆಸರೂ ಹೋಗುತ್ತದೆ.

ಪದಕದವರು ಹೋದರೆಲ್ಲಿ?

ಹಾಗಾದರೆ ಇಷ್ಟು ಪದಕ ಗೆದ್ದವರು ಎಲ್ಲಿದ್ದಾರೆ? ತಾಲ್ಲೂಕು ಆಸ್ಪತ್ರೆಗೆ ಹೋದರೆ ಯಾಕೆ ಸಿಗುವುದಿಲ್ಲ?

ಕೆಲವರು ಮುಂದಿನ ಓದಿಗೆ ಹೋದರು. ಕೆಲವರು ಪರದೇಶ ಸೇರಿದರು. ಕೆಲವರು ಬೆಂಗಳೂರಿನಲ್ಲಿ ನಾಯಿ ಬೆಕ್ಕಿನ ಕ್ಲಿನಿಕ್ಕು ಹಾಕಿದರು. ಕೆಲವರು ಬ್ಯಾಂಕಿಗೆ, ಮೇವಿನ ಕಂಪನಿಗೆ, ಔಷಧಿ ಕಂಪನಿಗೆ ಹೋದರು. ಇನ್ನು ಕೆಲವರು ಕೆ.ಎ.ಎಸ್. ಬರೆದರು. "ಸರ್ಕಾರದ ದುಡ್ಡಿನಲ್ಲಿ ಓದಿ ಓಡಿಹೋದರು" ಎಂದು ಬೈಯುವುದು ಸುಲಭ. ಆದರೆ ಉಳಿಯುವವರಿಗೆ ಇಲ್ಲಿ ಏನಿದೆ?

ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ 5,000 ರಾಸುಗಳಿಗೆ ಒಬ್ಬ ಪಶುವೈದ್ಯರು ಇರಬೇಕು ಎಂದು ಹೇಳಿತು. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ದನಗಳೇ ಸುಮಾರು 85 ಲಕ್ಷ, ಎಮ್ಮೆಗಳು ಸುಮಾರು 30 ಲಕ್ಷ. ಇವೆರಡನ್ನೇ ಹಿಡಿದರೂ 2,300 ಡಾಕ್ಟರು ಬೇಕು. 1 ಕೋಟಿ 10 ಲಕ್ಷ ಕುರಿ, 60 ಲಕ್ಷಕ್ಕೂ ಮಿಕ್ಕ ಆಡು, ಹಂದಿ, ಕೋಳಿ, ನಾಯಿ ಬೇರೆ. ಖಾಲಿ ಹುದ್ದೆಗೆ ಸರ್ಕಾರ ಒಮ್ಮೆ ಗುತ್ತಿಗೆಯವರನ್ನು ತರುತ್ತದೆ, ಒಮ್ಮೆ ಒಬ್ಬರ ಹೆಗಲಿಗೆ ಎರಡು ಮೂರು ಆಸ್ಪತ್ರೆಯ 'ಪ್ರಭಾರ' ಹೊರಿಸುತ್ತದೆ. 2024ರಲ್ಲಿ ಲೋಕಸೇವಾ ಆಯೋಗ 400 ಪಶುವೈದ್ಯಾಧಿಕಾರಿ ಹುದ್ದೆಗೆ ಅರ್ಜಿ ಕರೆಯಿತು. ಒಳ್ಳೆಯದೇ. ಆದರೆ ಅರ್ಜಿ ಕರೆದ ದಿನಕ್ಕೂ ಡಾಕ್ಟರು ಕೊಟ್ಟಿಗೆಯ ಬಾಗಿಲಿಗೆ ಬರುವ ದಿನಕ್ಕೂ ನಡುವೆ ಎಷ್ಟು ಹಸು ಈಯುತ್ತವೆ, ಎಷ್ಟು ಸಾಯುತ್ತವೆ ಎಂಬುದನ್ನು ಯಾವ ಫೈಲೂ ಬರೆಯುವುದಿಲ್ಲ.

ಬಂದ ಡಾಕ್ಟರಿಗೆ ಏನು ಸಿಗುತ್ತದೆ? ಎಷ್ಟೋ ಹಳ್ಳಿ ಆಸ್ಪತ್ರೆಗಳಲ್ಲಿ ಹಸು ಕಟ್ಟುವ ಟ್ರಾವಿಸ್ಸು ತುಕ್ಕು ಹಿಡಿದಿರುತ್ತದೆ, ಫ್ರಿಜ್ಜಿಗೆ ಕರೆಂಟು ಇರುವುದಿಲ್ಲ. ಹಾಗಿದ್ದರೆ ಲಸಿಕೆ ಎಲ್ಲಿಡುವುದು? ಹೆಣ್ಣುಮಗಳು ಬಂದರೆ ಕೈಕಾಲು ತೊಳೆಯಲು ಒಂದು ಬಾಗಿಲಿರುವ ಬಚ್ಚಲು ಇಲ್ಲ. ಕಾಲೇಜಿನಲ್ಲಿ ಎಕ್ಸ್‌ರೇ, ಸ್ಕ್ಯಾನಿಂಗು, ಪ್ರಯೋಗಾಲಯ ಎಲ್ಲವನ್ನೂ ಕಲಿತು ಬಂದ ಚಿನ್ನದ ಪದಕದ ಡಾಕ್ಟರಿಗೆ ಇಲ್ಲಿ ಕೈಗೆ ಸಿಗುವುದು ಒಂದು ಥರ್ಮಾಮೀಟರು. ರಾತ್ರಿ ಎರಡು ಗಂಟೆಗೆ ಕರೆ ಬಂದರೆ ಹೋಗಲು ಗಾಡಿ ಇಲ್ಲ, ಜೊತೆಗೆ ಬರಲು ಜನ ಇಲ್ಲ. 1962 ನಂಬರಿಗೆ ಫೋನು ಮಾಡಿದರೆ ಪಶು ಆಂಬುಲೆನ್ಸು ಬರುವ ಏರ್ಪಾಡು ಆಗಿದೆ, ಅದು ಮೆಚ್ಚತಕ್ಕದ್ದೇ. ಆದರೆ ಗಾಡಿ ಎಷ್ಟು ಬಂದರೂ ಒಳಗೆ ಕೂರಲು ಡಾಕ್ಟರು ಬೇಕಲ್ಲ?

ಇಂಥ ಕಡೆ ಇದ್ದುಕೊಂಡೂ ದಿನಕ್ಕೆ ಹತ್ತು ಊರು ಸುತ್ತುವ ಡಾಕ್ಟರುಗಳು ಜಿಲ್ಲೆ ಜಿಲ್ಲೆಯಲ್ಲೂ ಇದ್ದಾರೆ. ಅವರ ಕೊರಳಲ್ಲಿ ಪದಕ ಇರಲಿ ಬಿಡಲಿ, ಹಳ್ಳಿಯವರ ಬಾಯಲ್ಲಿ ಅವರ ಹೆಸರಿದೆ. ಇವತ್ತಿನ ರ್‍ಯಾಂಕಿನ ಹುಡುಗರು ಅವರ ಹಾದಿ ಹಿಡಿಯಬೇಕಾದರೆ ಹಾದಿಯಲ್ಲಿ ಒಂದಿಷ್ಟು ಕಲ್ಲಾದರೂ ತೆಗೆಯಬೇಡವೇ?

ಇನ್ನು ಊರು ಮಾಡಬೇಕಾದದ್ದು

ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ಹಳೆಯ ಚಾಳಿ. ಸರ್ಕಾರ ಮಾಡಬೇಕಾದದ್ದು ಮೂರೇ ಮಾತು. ಖಾಲಿ ಹುದ್ದೆ ಬೇಗ ತುಂಬಲಿ. ತಾಲ್ಲೂಕಿಗೆ ಒಂದಾದರೂ ಆಸ್ಪತ್ರೆಗೆ ಸರಿಯಾದ ಸಲಕರಣೆ, ಕರೆಂಟು, ನೀರು, ಬಚ್ಚಲು, ರಾತ್ರಿ ಪಾಳಿ ಬರಲಿ. ಇಂಟರ್ನ್‌ಶಿಪ್ಪಿನ ವರ್ಷದಲ್ಲಿ ಹುಡುಗರಿಗೆ ಹೊಟ್ಟೆ ತುಂಬುವಷ್ಟು ಸ್ಟೈಪೆಂಡು ಕೊಟ್ಟು, ಹಳ್ಳಿ ಆಸ್ಪತ್ರೆಗಳಲ್ಲಿ ಉಳಿಯಲು ಕೋಣೆ ಕೊಡಲಿ. ಅಲ್ಲಿ ಮೂರು ತಿಂಗಳು ಒಳ್ಳೆಯ ಡಾಕ್ಟರ ಕೈಕೆಳಗೆ ಕೆಲಸ ಮಾಡಿದವರಲ್ಲಿ ಕೆಲವರಾದರೂ ಅಲ್ಲಿಗೇ ಮರಳಿ ಬರುತ್ತಾರೆ.

ಉಳಿದದ್ದು ಊರಿನ ಕೆಲಸ. ಸನ್ಮಾನಕ್ಕೆಂದು ಶಾಲು, ಪೇಟ, ಶಾಮಿಯಾನಕ್ಕೆ ಸುರಿಯುವ ದುಡ್ಡಿನಲ್ಲಿ ಬಡ ಮನೆಯ ಒಬ್ಬ ಪಶುವೈದ್ಯ ವಿದ್ಯಾರ್ಥಿಯ ಒಂದು ವರ್ಷದ ಹಾಸ್ಟೆಲ್ ಖರ್ಚು ಕೊಡಬಹುದು. ಹೆಚ್ಚು ಅಂಕ ತೆಗೆದವರಿಗೇ ಇನ್ನೊಂದು ಪದಕ ಬೇಡ, ಅವರಿಗೆ ಪದಕ ಇದೆ. ಹೆಚ್ಚು ಕೊಟ್ಟಿಗೆ ಸುತ್ತಿದವರಿಗೆ, ಹೆಚ್ಚು ನಾಯಿಗಳಿಗೆ ಲಸಿಕೆ ಹಾಕಿದವರಿಗೆ, ಬರಡು ಬಿದ್ದ ರಾಸುಗಳನ್ನು ಮತ್ತೆ ಗಬ್ಬಕ್ಕೆ ತಂದವರಿಗೆ ಒಂದು ಬಹುಮಾನ ಇಡಲಿ. ವರ್ತಕರ ಸಂಘಗಳು ಮನಸ್ಸು ಮಾಡಿದರೆ ಇದು ದೊಡ್ಡ ಮಾತಲ್ಲ. ದೀಪಾವಳಿಯ ಲಕ್ಷ್ಮೀಪೂಜೆಗೆ ಅಂಗಡಿಗಳು ಹಚ್ಚುವ ಪಟಾಕಿಯ ಒಂದು ಸರದ ದುಡ್ಡು ಸಾಕು. ಹೋಟೆಲಿನವರು ಉಳಿದ ಅನ್ನವನ್ನು ಕವರಿನಲ್ಲಿ ಕಟ್ಟದೆ ಡಬ್ಬಕ್ಕೆ ಹಾಕಲಿ. ಹಾರ್ಡ್‌ವೇರಿನವರು ತಂತಿಯ ತುಂಡು ಬೀದಿಗೆ ಎಸೆಯದಿರಲಿ. ಬೀದಿ ನಾಯಿಗೆ ಲಸಿಕೆ ಹಾಕಲು ಹುಡುಗರು ಬಂದ ದಿನ ಅಂಗಡಿಗೊಬ್ಬರು ಹೊರಗೆ ಬಂದು ಕೈಜೋಡಿಸಲಿ.

ವಿನೋಬನಗರದ ಕಾಲೇಜು ಈ ಊರಿಗೆ ಬಂದದ್ದು ಒಂದು ಭಾಗ್ಯ. ಸಕ್ರೆಬೈಲಿನ ಆನೆ, ತ್ಯಾವರೆಕೊಪ್ಪದ ಹುಲಿ, ಹೊಸನಗರದ ಗುಡ್ಡದಲ್ಲಿ ಮೇಯುವ ಮಲೆನಾಡು ಗಿಡ್ಡ, ಮಂಗನ ಕಾಯಿಲೆಯ ಕಾಡು, ಹಾಲಿನ ಡೈರಿ ಎಲ್ಲವೂ ಒಂದೇ ಜಿಲ್ಲೆಯಲ್ಲಿ ಸಿಗುವ ಪಾಠಶಾಲೆ ಬೇರೆಲ್ಲಿದೆ? ಮಲೆನಾಡು ಗಿಡ್ಡ ದೇಶದ ಅಧಿಕೃತ ತಳಿಪಟ್ಟಿಯಲ್ಲಿ ಸೇರಿದೆ. ಕಡಿಮೆ ಮೇವು, ಎಡೆಬಿಡದ ಮಳೆ, ಎರಡನ್ನೂ ತಡೆದುಕೊಂಡು ಬದುಕುವ ಹಸು ಅದು. ಅದರ ಹಾಲು, ಅದರ ರೋಗ, ಅದರ ಗುಣ ಏನೆಂದು ಓದಿ ಬರೆಯಬೇಕಾದವರು ಇಲ್ಲಿಯ ಹುಡುಗರೇ. ಕಾಲೇಜು ಇದ್ದ ಊರಿನಲ್ಲೇ ಆ ಓದಿಗೆ ಬೆಲೆ ಇಲ್ಲದಿದ್ದರೆ, ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇನ್ನೊಂದು ಸಲ ನಿಜವಾದಂತೆ.

ನಾಳೆ ಬೆಳಿಗ್ಗೆ ಅದೇ ಸಾಗರದ ಬಸ್ಸು ಬರುತ್ತದೆ. ಆನಂದಪುರದಲ್ಲಿ ಬಿಳಿ ಕೋಟಿನ ಹುಡುಗಿ ಹತ್ತುತ್ತಾಳೆ. ಪಕ್ಕದಲ್ಲಿ ಕೂತ ಹಿರಿಯರು ಮಾತಾಡಿಸಲಿ, ಬೇಡವೆನ್ನುವವರು ಯಾರು? ಆದರೆ "ಮೆಡಿಕಲ್ ಸಿಗಲಿಲ್ವಾ?" ಅಂತ ಕೇಳುವುದನ್ನು ಬಿಡಲಿ.

"ಓದು ಮುಗಿದ ಮೇಲೆ ನಮ್ಮ ಕಡೆಗೇ ಬರ್ತೀಯೇನಮ್ಮಾ?" ಅಂತ ಕೇಳಲಿ. ಅವಳು ಬರುತ್ತೇನೆ ಎನ್ನಲು ಧೈರ್ಯ ಬರುವಂತೆ ಒಂದು ಆಸ್ಪತ್ರೆಯನ್ನೂ ಸಿದ್ಧ ಮಾಡಿ ಇಟ್ಟಿರಲಿ.